ಚಿತ್ರವನ್ನು ಫೋನಿನಲ್ಲಿ ಓದಿ ಹೇಳುವವಳು

ನನ್ನ ಸಹೋದ್ಯೋಗಿಯ ಒಂದು ಅಭ್ಯಾಸ ಮೊದಮೊದಲು ನನ್ನನ್ನು ವಿಪರೀತ ರೇಗಿಸುತ್ತಿತ್ತು. ವೆಬ್‌ಸೈಟಿಗೆ ಹಾಕಲು ನಾವು ಯಾವ ಚಿತ್ರ ತಯಾರು ಮಾಡಲಿ, ನಕ್ಷೆಯಾಗಲಿ ಗ್ರಾಫ್ ಆಗಲಿ, ಅವಳು ಅದನ್ನು ನೋಡಿ ಚೆನ್ನಾಗಿದೆ ಎಂದು ಬಿಡುವವಳಲ್ಲ. ಫೋನ್ ಎತ್ತಿಕೊಂಡು, ಆ ಚಿತ್ರವನ್ನು ಕಂಡೇ ಇಲ್ಲದ ಯಾರಿಗಾದರೂ ಕರೆ ಮಾಡಿ, ಪರದೆಯ ಮೇಲೆ ಏನಿದೆಯೋ ಅದನ್ನು ಮಾತಿನಲ್ಲಿ ಹೇಳುತ್ತಿದ್ದಳು. ಆ ಕಡೆಯವರಿಗೆ ಅರ್ಥವಾದರೆ ಚಿತ್ರ ಪಾಸು, ಆಗದಿದ್ದರೆ ಫೇಲು. ಪಾಪದ ಆ ಶ್ರೋತೃ ಸಾಮಾನ್ಯವಾಗಿ ಅವಳ ಅತ್ತೆಯೇ ಆಗಿರುತ್ತಿದ್ದರು. ಕುರ್ಲಾದ ಮನೆಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಆಕೆಗೆ ನಮ್ಮ ಕಂಪನಿಯ ಗ್ರಾಹಕರ ವ್ಯವಹಾರವೆಲ್ಲ ಗೊತ್ತಿತ್ತು.

ಒಮ್ಮೆ ನಾನು ಬಹಳ ಪ್ರೀತಿಯಿಂದ ವೃತ್ತಗಳ ಒಂದು ಚಿತ್ರ ಮಾಡಿದ್ದೆ. ವೃತ್ತದೊಳಗೆ ವೃತ್ತ, ಒಂದೊಂದಕ್ಕೂ ಒಂದೊಂದು ಬಣ್ಣ. ನೋಡಿದವರೆಲ್ಲ ವಾಹ್ ಅಂದರು. ಇವಳು ಫೋನಿನಲ್ಲಿ ಅತ್ತೆಗೆ ದಖನಿ ಉರ್ದುವಿನಲ್ಲಿ ವಿವರಿಸಿದಳು: ದೊಡ್ಡ ಬಳೆಯಿದೆ, ಅದರೊಳಗೆ ಸಣ್ಣ ಬಳೆಯಿದೆ, ಅದರೊಳಗೆ ಇನ್ನೂ ಸಣ್ಣದು. ಸ್ಪೀಕರಿನಲ್ಲಿ ಅತ್ತೆಯ ದನಿ ಕೇಳಿತು. "ಕಾಯ್ಕು ಬೇಟಾ, ಇತ್ತೆ ಚೂಡಿಯಾಂ?" ಇಷ್ಟೊಂದು ಬಳೆ ಯಾಕಮ್ಮಾ ಎಂದು ಕೇಳಿದ್ದು. ಆಫೀಸು ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಆಫೀಸು ಬಾಂದ್ರಾ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದೆ. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ನಾವು. ನಾನು ದಹಿಸರ್‌ನಿಂದ ಲೋಕಲ್ ಹಿಡಿದು ಬರುತ್ತೇನೆ, ಅವಳು ಕುರ್ಲಾದಿಂದ ಶೇರ್ ರಿಕ್ಷಾದಲ್ಲಿ ಬರುತ್ತಾಳೆ. ನನ್ನದು ಕರಾವಳಿಯಿಂದ ಬಂದ ಮನೆ. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಹಿಂದಿ ಮರಾಠಿ. ಅವಳದು ವಿಜಯಪುರದ ಕಡೆಯ ಮುಸ್ಲಿಂ ಮನೆ. ತಂದೆ ಕುರ್ಲಾದಲ್ಲಿ ಹೊಲಿಗೆ ಕೆಲಸ ಮಾಡುತ್ತಲೇ ಮಗಳನ್ನು ಎಂಜಿನಿಯರ್ ಮಾಡಿದವರು. ನನಗಿಂತ ಹದಿನೈದು ವರ್ಷ ಚಿಕ್ಕವಳು, ನನ್ನನ್ನು "ಅಕ್ಕಾರ" ಅನ್ನುತ್ತಾಳೆ. ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಂಡರೆ ಉಳಿದವರಿಗೆ ಗುಮಾನಿ, ತಮ್ಮ ಬಗ್ಗೆಯೇ ಏನೋ ಆಡಿಕೊಳ್ಳುತ್ತಿದ್ದಾರೆ ಅಂತ. ಅವರ ಗುಮಾನಿ ಪೂರ್ತಿ ಸುಳ್ಳೇನೂ ಅಲ್ಲ.

ಒಂದು ದಿನ ರಕ್ತದಾನಿಗಳ ಒಂದು ಸ್ವಯಂಸೇವಾ ಗುಂಪಿನಿಂದ ನಮಗೆ ಕೆಲಸ ಬಂತು. ಬಾಂಬೆ ಬ್ಲಡ್ ಗ್ರೂಪ್ ಅಂತ ಒಂದಿದೆ. ಮೊದಲು ಪತ್ತೆಯಾದದ್ದು ಈ ಊರಿನಲ್ಲಾದ್ದರಿಂದ ಊರಿನ ಹಳೆಯ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಈ ರಕ್ತದವರು ತೀರ ಅಪರೂಪ. ಅವರಿಗೆ ಬೇರೆ ಯಾರ ರಕ್ತವೂ ಒಗ್ಗುವುದಿಲ್ಲ, ಎಲ್ಲರಿಗೂ ಕೊಡಬಹುದು ಅನ್ನುವ ಓ ಗುಂಪಿನದೂ ಒಗ್ಗುವುದಿಲ್ಲ. ಇನ್ನೊಂದು ಫಜೀತಿಯೆಂದರೆ ಮಾಮೂಲಿ ಪರೀಕ್ಷೆಯಲ್ಲಿ ಇದೂ ಓ ಗುಂಪು ಅಂತಲೇ ಕಾಣುತ್ತದೆ. ಬೇರೆಯೇ ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ರಕ್ತಸಂಬಂಧದಲ್ಲಿ ಇಳಿದು ಬರುವಂಥದ್ದು, ಆದ್ದರಿಂದ ಒಬ್ಬರು ಸಿಕ್ಕರೆ ಅವರ ಮನೆಯವರಲ್ಲೇ ಇನ್ನೊಬ್ಬರನ್ನು ಹುಡುಕಬೇಕು. ಆ ಗುಂಪಿನ ಹಿರಿಯರು, ಲ್ಯಾಬ್ ಕೆಲಸದಿಂದ ನಿವೃತ್ತರಾದ ಮರಾಠಿ ಮನುಷ್ಯ, ವರ್ಷಗಟ್ಟಲೆ ಹೀಗೆ ಫೋನ್ ಮಾಡಿ ಮಾಡಿಯೇ ಜನರನ್ನು ಉಳಿಸಿದ್ದರು. ಈಗ ಅವರಿಗೆ ತಮ್ಮ ತಲೆಯಲ್ಲಿದ್ದದ್ದು ವೆಬ್ ಮೇಲೆ ಇರಬೇಕಿತ್ತು, ಎಲ್ಲ ಸ್ವಯಂಸೇವಕರಿಗೂ ಕಾಣುವಂತೆ.

ಮಾಹಿತಿಯನ್ನು ಜೋಡಿಸುವುದು ನಮಗೆ ಕಷ್ಟವಾಗಲಿಲ್ಲ. ಲಿಂಕ್ಡ್ ಡೇಟಾ ಅಂದರೆ ಕೇಳಲು ದೊಡ್ಡದಾಗಿ ಕಾಣುತ್ತದೆ, ಒಳಗೆ ಬಹಳ ಸರಳ. ಪ್ರತಿಯೊಬ್ಬ ಮನುಷ್ಯನಿಗೂ ವೆಬ್ಬಿನಲ್ಲಿ ಒಂದು ವಿಳಾಸ, ಒಬ್ಬನಿಗೆ ಒಂದೇ. ಆಮೇಲೆ ಸಣ್ಣ ಸಣ್ಣ ಮಾತುಗಳು: ಇವಳು ಅವನ ಅಕ್ಕ, ಅವನು ಇರುವುದು ಈ ಸ್ಟೇಷನ್ನಿನ ಹತ್ತಿರ, ಆ ಸ್ಟೇಷನ್ನಿಗೆ ಹತ್ತಿರದ ರಕ್ತನಿಧಿ ಇಂಥದ್ದು. ಒಂದೊಂದು ಮಾತೂ ಒಂದೊಂದು ಕೊಂಡಿ. ಶಿಬಿರಗಳಿಂದ ಬಂದದ್ದು, ಆಸ್ಪತ್ರೆಗಳಿಂದ ಬಂದದ್ದು, ಹಿರಿಯರ ನೆನಪಿನಿಂದ ಬಂದದ್ದು ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂತಿತು. ತಲೆನೋವು ಶುರುವಾದದ್ದು ಅದನ್ನು ತೋರಿಸುವುದು ಹೇಗೆ ಅನ್ನುವಲ್ಲಿ. ಇಂಥ ಮಾಹಿತಿಯನ್ನು ಚಿತ್ರ ಮಾಡಿ ತೋರಿಸುವ ಸಾಧನಗಳು ವೆಬ್ಬಿನಲ್ಲಿ ಬೇಕಾದಷ್ಟಿವೆ, ಬಹಳಷ್ಟು ಪುಕ್ಕಟೆ. ಪ್ರತಿಯೊಂದೂ ತನ್ನಷ್ಟು ಒಳ್ಳೆಯದು ಬೇರೆ ಇಲ್ಲವೆಂದು ಹೇಳಿಕೊಳ್ಳುತ್ತದೆ, ಫುಟ್‌ಪಾತಿನಲ್ಲಿ ಮಿಕ್ಸರ್ ಮಾರುವವನ ಹಾಗೆ.

ಮೊದಲು ನಾನು ಮೆಚ್ಚಿದ ಸಾಧನ ಎಲ್ಲರನ್ನೂ ಒಟ್ಟಿಗೆ ತೋರಿಸುತ್ತಿತ್ತು. ಮನುಷ್ಯರೆಲ್ಲ ಚುಕ್ಕಿಗಳು, ಸಂಬಂಧಗಳೆಲ್ಲ ಗೆರೆಗಳು. ಪರದೆ ತೆರೆದ ಕೂಡಲೇ ಚುಕ್ಕಿಗಳು ನಡುಗುತ್ತಾ, ಒಂದನ್ನೊಂದು ತಳ್ಳುತ್ತಾ, ಕೊನೆಗೆ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಿದ್ದವು. ಎಷ್ಟು ಚೆಂದ ಅಂದರೆ ನಾನು ಸುಮ್ಮಸುಮ್ಮನೆ ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ.

"ಅಕ್ಕಾರ, ಚಿತ್ರ ಛಂದ ಅದ," ಅಂದಳು ಇವಳು. "ಆದ್ರ ಇದರಾಗ ನಾ ಈಗ ಯಾರಿಗೆ ಫೋನ್ ಮಾಡಬೇಕು ಅಂತ ಎಲ್ಲಿ ಕಾಣಸ್ತದ?"

"ಹುಡುಕಿದರೆ ಕಾಣುತ್ತದೆ ಮಾರಾಯ್ತಿ."

"ಹುಡುಕಾಕ ಟೈಮ್ ಇದ್ರ ಚಿತ್ರ ಯಾಕ ಬೇಕಿತ್ರಿ?"

ಅತ್ತೆಗೆ ಫೋನ್ ಹೋಯಿತು. ನೂಲಿನ ಗಂಟು ಬಿದ್ದಿದೆ ಅನ್ನುವುದಕ್ಕಿಂತ ಹೆಚ್ಚೇನೂ ಇವಳಿಗೆ ಹೇಳಲಾಗಲಿಲ್ಲ. ನನ್ನ ಪ್ರೀತಿಯ ಚುಕ್ಕಿಗಳು ಕಸದಬುಟ್ಟಿ ಸೇರಿದವು. ಆಮೇಲೆ ನಕ್ಷೆಯ ಸಾಧನ ನೋಡಿದೆವು. ಯಾರು ಎಲ್ಲಿದ್ದಾರೆ ಅಂತ ಅದು ಚೆನ್ನಾಗಿ ಹೇಳಿತು, ಯಾರು ಯಾರಿಗೆ ಏನಾಗಬೇಕು ಅಂತ ಹೇಳಲಿಲ್ಲ. ಇನ್ನೊಂದು ಸಾಧನ ಮೊದಲು ಒಬ್ಬರನ್ನು ಮಾತ್ರ ತೋರಿಸಿ, ಆ ಚುಕ್ಕಿಯನ್ನು ಒತ್ತಿದರೆ ಹತ್ತಿರದವರನ್ನು, ಅವರನ್ನು ಒತ್ತಿದರೆ ಅವರ ಹತ್ತಿರದವರನ್ನು ತೆರೆಯುತ್ತಿತ್ತು. ಅದು ನಿಧಾನ. ಸ್ವಯಂಸೇವಕರು ಲೋಕಲಿನ ನೂಕುನುಗ್ಗಲಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಎಷ್ಟು ಸಲ ಒತ್ತುತ್ತಾರೆ ಅಂತ ಅದನ್ನೂ ಬದಿಗಿಟ್ಟೆವು.

ಕೊನೆಗೆ ಅವಳು ಆರಿಸಿದ್ದು ವಂಶವೃಕ್ಷದ ಸಾಧನವನ್ನು. ಮೇಲೆ ಅಜ್ಜ ಅಜ್ಜಿ, ಕೆಳಗೆ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು. ಬಾಂಬೆ ಗುಂಪಿನವರು ಕೆಂಪು, ಉಳಿದವರು ಬೂದಿ ಬಣ್ಣ. ಕರೆ ಮಾಡಿದಾಗ ಬಂದು ಕೊಡುತ್ತೇನೆ ಅಂದವರ ಚುಕ್ಕಿ ಕೆಂಪಿನಿಂದ ಹಸಿರಾಗುತ್ತದೆ. ಇದನ್ನು ಫೋನಿನಲ್ಲಿ ಕೇಳಿದ ಅತ್ತೆ ಒಂದೇ ಉಸಿರಿಗೆ ತಿರುಗಿ ಹೇಳಿದರು. ಹಿರಿಯರೂ ಖುಷಿಪಟ್ಟರು. ನನಗೂ ಒಳಗೊಳಗೇ ಮೆಚ್ಚಿಗೆಯಾಯಿತು; ಎಷ್ಟು ಸೀದಾ, ಎಷ್ಟು ಅಚ್ಚುಕಟ್ಟು ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಸೈಟು ಶುರುವಾಯಿತು, ಜನ ಬಳಸತೊಡಗಿದರು. ಊರ ಬೇರೆ ಬೇರೆ ಮೂಲೆಗಳಿಂದ ಥ್ಯಾಂಕ್ಸ್ ಬರತೊಡಗಿದವು.

ಹೀಗಿರುವಾಗ ಕುರ್ಲಾದ ಒಬ್ಬ ಗರ್ಭಿಣಿಯ ಹೆಸರು ಸೇರಿತು. ಕಲಬುರಗಿ ಕಡೆಯ ಹುಡುಗಿ, ಗಂಡ ಕಟ್ಟಡದ ಕೆಲಸದವನು. ಅವಳದು ಬಾಂಬೆ ಗುಂಪು. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೆಳಗೆ ಕೂತಿದೆ, ಹೆರಿಗೆಯಲ್ಲಿ ರಕ್ತ ಹೋಗುವ ಭಯ ಜಾಸ್ತಿ, ಆಪರೇಷನ್ನೇ ಮಾಡಬೇಕು ಅಂದಿದ್ದರು ಡಾಕ್ಟರು. ಎರಡು ಬಾಟಲಿ ರಕ್ತ ಕೈಯಲ್ಲಿಲ್ಲದೆ ಕತ್ತಿ ಮುಟ್ಟುವುದಿಲ್ಲ ಅಂತಲೂ ಹೇಳಿದ್ದರು. ಊರಿನಿಂದ ತಾಯಿ ಬಂದು ಮಗಳ ಜೊತೆಗಿದ್ದರು. ಆಪರೇಷನ್ನಿಗೆ ಒಂದು ವಾರವಷ್ಟೇ ಉಳಿದಿತ್ತು.

ಸ್ವಯಂಸೇವಕರು ಮನೆಯವರನ್ನೆಲ್ಲ ಕೇಳಿ ಕೊಂಡಿಗಳನ್ನು ತುಂಬಿದರು. ವೃಕ್ಷ ಎದ್ದು ನಿಂತಿತು. ತಾಯಿಯದು ಬಿ ಗುಂಪು, ಬೂದಿ ಚುಕ್ಕಿ. ತಾಯಿಯ ಸಾಲಿನಲ್ಲಿ ಒಂದು ಹಸಿರು ಚುಕ್ಕಿ ಇತ್ತು: ಹುಡುಗಿಯ ಸೋದರಮಾವ. ಹುಡುಗಿಯ ಸಾಲಿನಲ್ಲಿ ಇನ್ನೊಂದು ಹಸಿರು ಚುಕ್ಕಿ ಇತ್ತು: ಅಕ್ಕನ ಗಂಡ. ಎರಡು ಬಾಟಲಿಗೆ ಇಬ್ಬರು. ಹಿರಿಯರು ಡಾಕ್ಟರಿಗೆ ಫೋನ್ ಮಾಡಿ ಇಬ್ಬರು ದಾನಿಗಳು ತಯಾರಿದ್ದಾರೆ ಅಂದರು. ಬೇರೆ ಊರುಗಳ ಗುಂಪುಗಳಿಗೆ ಕಳಿಸಬೇಕೆಂದಿದ್ದ ಸಂದೇಶವನ್ನು ಕಳಿಸದೆ ಬಿಟ್ಟರು. ನಮಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಮಾಧಾನವಾಯಿತು. ನಾನಂತೂ ಮಧ್ಯಾಹ್ನ ಊಟದ ಡಬ್ಬಿ ತೆರೆದು, ಒಳ್ಳೆ ಕೆಲಸ ಮಾಡಿದೆವು ಅಂತ ಧಾರಾಳವಾಗಿ ಬೆನ್ನು ತಟ್ಟಿಕೊಂಡೆ.

ಇವಳು ಊಟ ಮುಗಿಸಿ ಕೈ ತೊಳೆದು ಬಂದು ಫೋನ್ ಎತ್ತಿಕೊಂಡಳು.

"ಈಗ ಯಾರಿಗೆ? ಈ ಚಿತ್ರ ಆಗಲೇ ಪಾಸಾಗಿದೆಯಲ್ಲ," ಅಂದೆ.

"ಹುಡುಗಿ ತಾಯಿಗೆ ಒಮ್ಮಿ ಓದಿ ಹೇಳ್ತೀನ್ರಿ ಅಕ್ಕಾರ. ಆಕಿಗೂ ಧೈರ್ಯ ಬರ್ತದ."

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆ ಆಸ್ಪತ್ರೆಯ ಗದ್ದಲ, ನಡುವೆ ದಣಿದ ಹೆಣ್ಣು ದನಿ. ಇವಳು ತನ್ನ ಮಾಮೂಲಿ ರೀತಿಯಲ್ಲಿ ಸಾವಕಾಶವಾಗಿ ಓದತೊಡಗಿದಳು. "ಅವ್ವಾ, ಮ್ಯಾಲ ನಿಮ್ಮ ತಂದಿ ತಾಯಿ ಅದಾರ. ಅವರ ಕೆಳಗ ನೀವು, ನಿಮ್ಮ ಬಾಜೂಕ ನಿಮ್ಮ ತಮ್ಮ. ಆತ ರಕ್ತ ಕೊಡ್ತೀನಿ ಅಂದಾನ. ನಿಮ್ಮ ಕೆಳಗ ನಿಮ್ಮ ಇಬ್ಬರು ಹೆಣ್ಮಕ್ಕಳು. ಹಿರಿ ಮಗಳ ಬಾಜೂಕ ನಿಮ್ಮ ಅಳಿಯ. ಆತನೂ ಕೊಡ್ತೀನಿ ಅಂದಾನ. ಇಬ್ಬರು ಆದ್ರು. ಎರಡು ಬಾಟ್ಲಿ ಆತು. ನೀವು ಚಿಂತಿ ಮಾಡಬ್ಯಾಡ್ರಿ."



"ಇಬ್ಬರು ಎಲ್ಲಿಂದ ಬಂದ್ರು ಯವ್ವಾ?" ಅಂದರು ತಾಯಿ. "ನನ್ನ ತಮ್ಮಾನೇ ನನ್ನ ಅಳಿಯ. ಹಿರಿ ಮಗಳನ್ನ ಅವಗೇ ಕೊಟ್ಟೀನಿ. ಅಂವ ಒಬ್ಬಾವನೇ ಅದಾನ."

ಇವಳು ಪರದೆಯ ಮೇಲಿನ ಎರಡು ಹಸಿರು ಚುಕ್ಕಿಗಳನ್ನು ಒಂದಾದ ಮೇಲೊಂದು ಒತ್ತಿದಳು. ಎರಡಕ್ಕೂ ಒಂದೇ ವಿಳಾಸ ತೆರೆದುಕೊಂಡಿತು. ನಮ್ಮ ಮಾಹಿತಿಯಲ್ಲಿ ತಪ್ಪೇ ಇರಲಿಲ್ಲ. ಅಲ್ಲಿ ಅವನು ಒಬ್ಬನೇ ಇದ್ದ. ಅವನನ್ನು ಇಬ್ಬರಾಗಿ ಮಾಡಿದ್ದು ಚಿತ್ರ. ವೃಕ್ಷ ಅಂದ ಮೇಲೆ ಒಬ್ಬ ಮನುಷ್ಯ ಒಂದು ಕೊಂಬೆಯಲ್ಲಿ ಇರಬೇಕು. ಎರಡು ಕೊಂಬೆಗೆ ಸೇರಿದವನು ಬಂದರೆ ಆ ಸಾಧನ ಮರುಮಾತಿಲ್ಲದೆ ಅವನನ್ನು ಎರಡು ಸಲ ಬರೆದುಬಿಡುತ್ತದೆ. ಅವನು ಒಮ್ಮೆ ಬರುತ್ತೇನೆ ಅಂದದ್ದಕ್ಕೆ ಎರಡೂ ಕಡೆ ಹಸಿರು ಬಳಿದಿತ್ತು. ಅದನ್ನು ಮಾಡಿದವರ ಊರಿನಲ್ಲಿ ಸೋದರಮಾವ ಮದುಮಗನಾಗುವುದಿಲ್ಲ, ಅವರನ್ನು ಬೈದು ಏನು ಪ್ರಯೋಜನ?

ನಮಗಾದರೂ ಯಾಕೆ ಹೊಳೆಯಲಿಲ್ಲ ಅಂದರೆ, ಅದೂ ಅಷ್ಟೇ ಸರಳ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಸಂಬಂಧ. ನಮ್ಮ ಮನೆತನದಲ್ಲಿ ಅದು ಕೂಡದು; ಸೋದರಮಾವ ಅಂದರೆ ಮನೆಯ ಯಜಮಾನ, ಅವನನ್ನು ವರನ ಜಾಗದಲ್ಲಿ ನಿಲ್ಲಿಸುವ ಮಾತು ಕೇಳಿದರೆ ನನ್ನ ಅಜ್ಜಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇವಳ ಮನೆಯಲ್ಲೂ ಮಾಮೂ ಅಂದರೆ ತಂದೆಗೆ ಸಮ. ಕುರ್ಲಾದಲ್ಲಿ, ದಹಿಸರ್‌ನಲ್ಲಿ ಅಂಥ ಮನೆಗಳ ಪಕ್ಕದಲ್ಲೇ ಹುಟ್ಟಿ ಬೆಳೆದು, ಅವರ ಮದುವೆಗಳಲ್ಲಿ ಉಂಡು ಬಂದಿದ್ದರೂ, ಕೆಲಸಕ್ಕೆ ಕೂತಾಗ ನಾವಿಬ್ಬರೂ ನಮ್ಮ ನಮ್ಮ ಮನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆವು.

ಆಮೇಲೆ ಅವಳು ಮಾಡಿದ್ದನ್ನು ನಾನು ಇವತ್ತಿಗೂ ಮೆಚ್ಚಿಕೊಳ್ಳುತ್ತೇನೆ. ನಾನಾಗಿದ್ದರೆ ಮೊದಲು ಆ ಸಾಧನವನ್ನು ಶಪಿಸುತ್ತಿದ್ದೆ, ಆಮೇಲೆ ಮಾಹಿತಿ ತುಂಬಿದವರನ್ನು, ಕೊನೆಗೆ ಆಫೀಸಿನ ಇಂಟರ್‌ನೆಟ್ಟನ್ನು. ಅವಳು ನೇರ ಹಿರಿಯರಿಗೆ ಫೋನ್ ಮಾಡಿದಳು. ಇರುವುದು ಒಬ್ಬನೇ ದಾನಿ, ನಮ್ಮ ಚಿತ್ರ ತಪ್ಪು ಹೇಳಿದೆ, ಅದನ್ನು ಆರಿಸಿದವಳು ನಾನೇ, ಡಾಕ್ಟರಿಗೆ ಈಗಲೇ ತಿಳಿಸಿ, ಬೇರೆ ಊರುಗಳಿಗೂ ಸಂದೇಶ ಕಳಿಸಿ ಅಂದಳು. ಫೋನ್ ಇಟ್ಟ ಕೂಡಲೇ ವೃಕ್ಷವನ್ನು ಸೈಟಿನಿಂದ ಇಳಿಸಿದಳು. ಎಷ್ಟು ದಿನ ಕೂತು ಅಂದಗೊಳಿಸಿದ್ದು, ಎಷ್ಟು ಜನ ಹೊಗಳಿದ್ದು! ಆಫೀಸಿನ ಯಜಮಾನ ಬಂದು, ಒಂದು ಮನೆಗಾಗಿ ಎಲ್ಲವನ್ನೂ ಯಾಕೆ ಇಳಿಸಬೇಕು, ಕೆಳಗೊಂದು ಸೂಚನೆ ಬರೆದರೆ ಸಾಲದೆ ಅಂತ ಕೇಳಿದ.

"ರಕ್ತ ಹುಡುಕೋರು ಸೂಚನಾ ಓದಂಗಿಲ್ರಿ," ಅಂತ ನನ್ನ ಕಡೆ ತಿರುಗಿ ಕನ್ನಡದಲ್ಲಿ ಗೊಣಗಿದಳು. ಅವನಿಗೆ ಹಿಂದಿಯಲ್ಲಿ ಆಗುವುದಿಲ್ಲ ಅಂದಳು.

ನಾವು ಬದಿಗಿಟ್ಟಿದ್ದ, ಒತ್ತಿದರೆ ತೆರೆಯುವ ನಿಧಾನದ ಸಾಧನ ನೆನಪಾಯಿತು. ಅದರಲ್ಲಿ ಒಬ್ಬ ಮನುಷ್ಯನಿಗೆ ಒಂದೇ ಚುಕ್ಕಿ. ಎಷ್ಟು ಸಂಬಂಧವಿದ್ದರೂ ಗೆರೆಗಳು ಹೆಚ್ಚುತ್ತವೆ ಹೊರತು ಮನುಷ್ಯ ಹೆಚ್ಚುವುದಿಲ್ಲ. ಅದನ್ನು ಜೋಡಿಸಲು ನಾವಿಬ್ಬರೂ ಕೂತೆವು. ಮರುದಿನ ಬೆಳಿಗ್ಗೆ ಚಿತ್ರ ಬಂತು. ನೋಡಲು ಏನೂ ಚೆಂದವಿಲ್ಲ, ಮಕ್ಕಳು ಸ್ಲೇಟಿನ ಮೇಲೆ ಗೀಚಿದ ಹಾಗಿತ್ತು. ಇವಳು ಹುಡುಗಿಯ ಚುಕ್ಕಿಯನ್ನು ಒತ್ತಿದಳು. ತಾಯಿ ಬಂದರು, ಅಕ್ಕ ಬಂದಳು. ತಾಯಿಯನ್ನು ಒತ್ತಿದಳು. ಸೋದರಮಾವ ಬಂದ, ಅವನಿಂದ ಒಂದು ಗೆರೆ ತಾನಾಗಿಯೇ ಹೋಗಿ ಅಕ್ಕನನ್ನು ಹಿಡಿಯಿತು. ಎಲ್ಲ ಸೇರಿ ಒಂದು ಸುತ್ತು ಆಯಿತು. ಹಸಿರನ್ನು ಈ ಸಲ ಬಿಟ್ಟಿದ್ದೆವು; ಬಾಂಬೆ ಗುಂಪಾದರೆ ಕೆಂಪು, ಅಲ್ಲದಿದ್ದರೆ ಬೂದಿ, ಅಷ್ಟೇ.

ಪದ್ಧತಿ ಬಿಡುವವಳಲ್ಲವಲ್ಲ, ಮತ್ತೆ ತಾಯಿಗೆ ಫೋನ್ ಹಚ್ಚಿದಳು. ಅವರ ದನಿ ಈಗ ಇನ್ನಷ್ಟು ಕುಗ್ಗಿತ್ತು. ಹೊರಗಿನಿಂದ ಇನ್ನೂ ಯಾರೂ ಸಿಕ್ಕಿರಲಿಲ್ಲ. ಇವಳು ಓದತೊಡಗಿದಳು: "ಅವ್ವಾ, ಈ ಬಾಜೂ ನಿಮ್ಮ ತಮ್ಮ, ಕೆಂಪು. ಆ ಬಾಜೂ ನಿಮ್ಮ ಸಣ್ಣ ಮಗಳು, ಕೆಂಪು. ಇಬ್ಬರ ನಡುವ ನಿಮ್ಮ ಹಿರಿ ಮಗಳು ಕುಂತಾಳ. ಆಕಿ ಅಷ್ಟಽ ಬೂದಿ ಬಣ್ಣ." ಅಷ್ಟು ಹೇಳಿ ತಾನೇ ನಿಂತುಬಿಟ್ಟಳು. ಏನು ಓದಿದೆ ಅನ್ನುವುದು ತನ್ನ ಬಾಯಿಂದ ಬಂದ ಮೇಲೆ ಅವಳ ಕಿವಿಗೆ ಬಿದ್ದಂತಿತ್ತು.

"ಅವ್ವಾ, ಹಿರಿ ಮಗಳ ರಕ್ತ ಯಾರು ನೋಡಿದ್ರು?"

"ಶಿಬಿರದಾಗ ಯವ್ವಾ. ಬೆರಳಿಗೆ ಚುಚ್ಚಿ ನೋಡಿದ್ರು. ಓ ಅಂದ್ರು."

"ಅದಾದ ಮ್ಯಾಲ?"

"ಅದಾದ ಮ್ಯಾಲ ಯಾಕ ನೋಡತಾರ? ಗಟ್ಟಿಮುಟ್ಟ ಅದಾಳ."

ಇವಳು ನನ್ನ ಮುಖ ನೋಡಿದಳು. ವೃಕ್ಷದಲ್ಲಿ ಆ ಅಕ್ಕ ಹಸಿರು ಗಂಡನ ಪಕ್ಕದಲ್ಲಿ ಸುಮ್ಮನೆ ನಿಂತ ಒಂದು ಬೂದಿ ಚುಕ್ಕಿ. ಓ ಅಂತ ಬರೆದಿತ್ತು, ನಮ್ಮ ಕಣ್ಣು ದಾಟಿ ಹೋಗಿತ್ತು. ಒಂದು ಕಡೆ ಸ್ವಂತ ತಂಗಿ, ಇನ್ನೊಂದು ಕಡೆ ತಾಯಿಯ ಒಡಹುಟ್ಟಿದವನು, ಇಬ್ಬರೂ ಬಾಂಬೆ ಗುಂಪು. ನಡುವಿನವಳ ಓ ನಿಜವಾದ ಓ ಹೌದೋ ಅಲ್ಲವೋ ಯಾರು ನೋಡಿದ್ದಾರೆ? ಹಿರಿಯರಿಗೆ ಹೇಳಿದಾಗ ಅವರು ಈಗಿಂದೀಗಲೇ ಕರೆತನ್ನಿ ಅಂದರು.

ಅಕ್ಕನ ಮನೆ ದಹಿಸರ್‌ನಲ್ಲೇ ಇತ್ತು, ನನ್ನ ಬಿಲ್ಡಿಂಗಿನಿಂದ ರಿಕ್ಷಾದ ದಾರಿ. ಕರೆತರುವ ಕೆಲಸ ನನ್ನದಾಯಿತು. ಹೋದರೆ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದಳು, ನೀರು ಬರುವ ಹೊತ್ತು. ಬಿಲ್ಡಿಂಗಿನ ಮನೆಗಳಲ್ಲಿ ಪಾತ್ರೆ ಬಟ್ಟೆಯ ಕೆಲಸ ಮಾಡುವವಳು. ವಿಷಯ ಹೇಳುತ್ತಿದ್ದಂತೆ ಬಕೆಟ್ಟನ್ನು ಪಕ್ಕದ ಮನೆಯವಳಿಗೆ ಕೊಟ್ಟು ಸೆರಗು ಸರಿಮಾಡಿಕೊಂಡಳು. ಮತ್ತೊಂದು ಪ್ರಶ್ನೆ ಇಲ್ಲ.

ಲೋಕಲಿನಲ್ಲಿ ಹೆಂಗಸರ ಡಬ್ಬಿಯಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಅಂದಳು, "ನನಗ ಸೂಜಿ ಅಂದ್ರ ಭಾಳ ಅಂಜಿಕಿ ಅಕ್ಕಾರ. ಶಿಬಿರದಾಗೂ ಅತ್ತಿದ್ದೆ."

"ಹೆದರಬೇಡ ಮಾರಾಯ್ತಿ, ನಾನು ಕೈ ಹಿಡಿದುಕೊಳ್ಳುತ್ತೇನೆ."

"ಅಂಜಿಕಿ ಅದಕ್ಕಲ್ರಿ ಈಗ. ನಂದು ಓ ಇದ್ದುಬಿಟ್ರ?"

ನಾನು ಅವಳ ಕೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡೆ. ಅಂಧೇರಿ ದಾಟುವವರೆಗೂ ಅವಳೇ ಮಾತಾಡಿದಳು. ಅವ್ವ ಹೊಲಕ್ಕೆ ಹೋದರೆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ತಾನೇ ಅಂದಳು. ತಾನು ಮದುವೆಯಾಗಿ ಈ ಊರಿಗೆ ಬಂದಾಗ ತಂಗಿ ಅತ್ತದ್ದು, ಆಮೇಲೆ ತಂಗಿಗೂ ಇಲ್ಲೇ ಗಂಡು ನೋಡುವಂತೆ ಗಂಡನಿಗೆ ಗಂಟುಬಿದ್ದದ್ದು ಹೇಳಿದಳು. ಆ ಹೊತ್ತಿಗೆ ನನಗೆ ಈ ಹೆಣ್ಣಿನ ರಕ್ತ ಕೆಂಪು ಚುಕ್ಕಿಯದೇ ಆಗಿರಲಿ ಎಂಬ ಆಸೆ ಬಿಟ್ಟರೆ ಪ್ರಪಂಚದಲ್ಲಿ ಬೇರೆ ಆಸೆ ಇರಲಿಲ್ಲ.

ರಕ್ತನಿಧಿಯಲ್ಲಿ ಸೂಜಿ ಚುಚ್ಚುವಾಗ ಅವಳು ನನ್ನ ಕೈಯನ್ನು ಹಿಂಡಿಹಾಕಿದಳು, ಆದರೆ ಅಳಲಿಲ್ಲ. ಬೆಂಚಿನ ಮೇಲೆ ಕೂತು ಕಾದೆವು. ಇವಳೂ ಆಫೀಸಿನಿಂದ ಬಂದು ಸೇರಿದಳು. ಹಿರಿಯರು ಒಳಗೆ ಹೋಗಿ ನಿಂತಿದ್ದರು. ಪರೀಕ್ಷೆ ಮಾಡುವವರ ಬೆನ್ನ ಹಿಂದೆ ನಿಂತು ಇಣುಕದಿದ್ದರೆ ಅವರಿಗೆ ಸಮಾಧಾನವಿಲ್ಲ. ಕೊನೆಗೆ ಹೊರಗೆ ಬಂದವರು ಕನ್ನಡಕ ತೆಗೆದು ಶರ್ಟಿನಲ್ಲಿ ಒರೆಸಿಕೊಳ್ಳುತ್ತಾ, ಮರಾಠಿಯಲ್ಲಿ, ಈಕೆಯದು ಓ ಅಲ್ಲ ಅಂದರು.

ಅಕ್ಕನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೂ ನಮ್ಮಿಬ್ಬರ ಮುಖವನ್ನು ಒಮ್ಮೆ ನೋಡಿದಳು, ಸರಿಯಾಗಿ ಕೇಳಿಸಿಕೊಂಡೆನೇ ಅಂತ. ಆಮೇಲೆ ರಕ್ತ ತೆಗೆಯುವ ಮಂಚದ ಕಡೆ ತಾನೇ ನಡೆದಳು.

ಆಪರೇಷನ್ನಿನ ದಿನ ಬೆಳಿಗ್ಗೆ ನಾವು ಆಫೀಸಿನಲ್ಲೇ ಇದ್ದೆವು, ಕೆಲಸ ಮಾಡುವ ನಾಟಕ ಆಡುತ್ತಾ. ಡಾಕ್ಟರು ಹೆದರಿದ್ದೇ ಆಯಿತು, ರಕ್ತ ಹರಿಯಿತು. ಸೋದರಮಾವನ ಬಾಟಲಿ ಏರಿಸಿದರು, ಅದು ಸಾಲಲಿಲ್ಲ. ಅಕ್ಕನ ಬಾಟಲಿ ಏರಿಸಿದರು. ಅದು ಮುಗಿಯುವ ಹೊತ್ತಿಗೆ ರಕ್ತ ನಿಂತಿತು. ಫೋನ್ ಬಂದಾಗ ಇವಳು ಮೇಜಿಗೆ ತಲೆಯಿಟ್ಟು ಅತ್ತಳು. ಎರಡು ಚುಕ್ಕಿ ಇವೆಯೆಂದು ನಂಬಿ ಕೂತು, ಕೊನೆಯ ಗಳಿಗೆಯಲ್ಲಿ ಒಂದೇ ಬಾಟಲಿ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ. ನಾನು ಅವಳ ಬೆನ್ನು ಸವರಿ, ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ: ನಿನ್ನಂಥ ಕೆಲಸಗಾರ್ತಿಯನ್ನು ನಾನು ನೋಡಿಲ್ಲ ಕಣೇ. ಅವಳು ಮೂಗೊರೆಸಿಕೊಂಡು, "ಅಕ್ಕಾರ, ಚಾ ಕುಡಸ್ರಿ," ಅಂದಳು.

ಸಾಧನ ಆರಿಸುವುದರ ಬಗ್ಗೆ ಈಗ ಯಾರಾದರೂ ಕೇಳಿದರೆ ನಾನು ದೊಡ್ಡ ಮಾತು ಹೇಳುವುದಿಲ್ಲ. ಆ ನಿಧಾನದ ಸಾಧನವೇ ಈಗಲೂ ಸೈಟಿನಲ್ಲಿದೆ. ಲೋಕಲಿನಲ್ಲಿ ನಿಂತವರು ಗೊಣಗುತ್ತಲೇ ಒತ್ತುತ್ತಾರೆ. ಚೆಂದದ ಚಿತ್ರ ಕಂಡರೆ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ. ಆದರೆ ಅದನ್ನು ಬಳಸುವ ಮನೆಯವರಿಗೇ ಓದಿ ಹೇಳದೆ ಸೈಟಿಗೆ ಹಾಕುವುದಿಲ್ಲ. ಅತ್ತೆಯೊಬ್ಬರಿಗೇ ಓದಿದರೆ ಸಾಲದು ಅಂತ ಇವಳೂ ಒಪ್ಪಿಕೊಂಡಿದ್ದಾಳೆ. ಅತ್ತೆಗೆ ಇದರಿಂದ ಸ್ವಲ್ಪ ಬೇಜಾರಾಗಿದೆ.

ಕೆಲವು ದಿನ ಕಳೆದು ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು, ಬಿಳಿಚಿದ್ದರೂ ನಗುತ್ತಿದ್ದಳು. ಅಕ್ಕ ಅವಳ ತಲೆ ಬಾಚುತ್ತಿದ್ದಳು. ತಾಯಿಯನ್ನು ನಾವು ನೋಡಿದ್ದು ಅದೇ ಮೊದಲು, ದನಿ ಮಾತ್ರ ಪರಿಚಯವಿತ್ತು. ಹೆಣ್ಣು ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಫೋನಿನಲ್ಲಿ ಓದುತ್ತಿದ್ದಿರಲ್ಲ, ಆ ಚಿತ್ರ ತೋರಿಸಿ ಅಂದರು. ಇವಳು ಮೊಬೈಲ್ ಹಿಡಿದು ಒಂದೊಂದನ್ನೇ ಒತ್ತಿ ತೋರಿಸಿದಳು: ಇದು ನೀವು, ಇದು ನಿಮ್ಮ ತಮ್ಮ, ಇದು ಈಕಿ, ಇದು ಅಕ್ಕ, ಈಗ ಕೆಂಪು.

"ಈ ಕೂಸಿಂದೂ ಹಾಕು ಯವ್ವಾ," ಅಂದರು ತಾಯಿ. "ಯಾವಾಗರೆ ಬೇಕಾದ್ರ ನಿಮ್ಮಂಥಾವರಿಗೆ ಸಿಗಲಿ."

"ಕೂಸಿನ ರಕ್ತ ನೋಡ್ಯಾರ ಅವ್ವಾ, ಎರಡೂ ಪರೀಕ್ಷಾ ಮಾಡ್ಯಾರ," ಅಂದಳು ಇವಳು. "ಇದು ಎಲ್ಲಾರ್ಹಂಗ ಅದ. ಈ ಊರಾಗ ಯಾವ ರಕ್ತನಿಧಿಗೆ ಹೋದ್ರೂ ಇದಕ್ಕ ರಕ್ತ ಸಿಗ್ತದ. ಇದನ್ನ ಯಾರೂ ಹುಡುಕೋದು ಬ್ಯಾಡ."

ತಾಯಿ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇವಳ ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ಆಚೆ ಸರಿಸಿದರು.

"ಹಂಗಾರ ಹಾಕಬ್ಯಾಡ," ಅಂದರು. "ಇದೊಂದನ್ನ ಹಾಕಬ್ಯಾಡ ಯವ್ವಾ."